ಬಲ ಹೆಗಲಿನ ಸೆರಗು

ಸ್ಕ್ಯಾನರ್ ಮನೆಗೆ ಬಂದ ದಿನ ಅಮ್ಮ ಅದನ್ನು ಬ್ರೆಡ್ ಸುಡುವ ಯಂತ್ರ ಎಂದುಕೊಂಡಳು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ, ಮಿಕ್ಸಿಯ ಪಕ್ಕದಲ್ಲಿ, ಅದಕ್ಕೆ ಜಾಗ ಮಾಡಿ ಇಟ್ಟಾಗಿತ್ತು. ಇದು ಬ್ರೆಡ್ಡಿನದ್ದಲ್ಲ, ಅಪ್ಪನ ನೆಗೆಟಿವ್‌ಗಳಿಂದ ಫೋಟೊ ತೆಗೆಯುವ ಯಂತ್ರ ಎಂದು ಹೇಳಿದೆ. "ಅಪ್ಪ ಹೋಗಿ ಆರು ವರ್ಷ ಆಯ್ತು. ಇನ್ನೆಂತ ಫೋಟೊ ತೆಗೀತಿ ನೀನು?" ಎಂದಳು. ಆದರೂ ಒಂದು ಹಳೆಯ ಟವೆಲ್ಲಿನಿಂದ ಅದರ ಮೈ ಒರೆಸಿ ಕೊಟ್ಟಳು.

ಅಪ್ಪನೂ ದೊಡ್ಡಪ್ಪನೂ ಕರಾವಳಿಯಿಂದ ಸೂರತ್‌ಗೆ ಬಂದು ಉಧ್ನಾದಲ್ಲಿ ಉಡುಪಿ ಹೋಟೆಲ್ ತೆರೆದವರು. ಸುತ್ತ ಬಟ್ಟೆಯ ಕಾರ್ಖಾನೆಗಳು, ಪಾಳಿ ಮುಗಿಸಿ ಕಿವಿಯಲ್ಲಿ ಇನ್ನೂ ಮಗ್ಗದ ಸದ್ದು ತುಂಬಿಕೊಂಡೇ ಬಂದು ಕೂರುವ ಗಿರಾಕಿಗಳು. ದೊಡ್ಡಪ್ಪನಿಗೆ ಹೋಟೆಲೇ ಲೋಕ. ಅಪ್ಪನಿಗೆ ಅದರ ಜೊತೆಗೆ ಒಂದು ಹಳೆಯ ಕ್ಯಾಮೆರಾ ಇತ್ತು. ಬಚ್ಚಲಿನ ಬಾಗಿಲ ಸಂದಿಗೆ ಗೋಣಿ ತುರುಕಿ, ಕತ್ತಲು ಮಾಡಿಕೊಂಡು, ಫಿಲ್ಮನ್ನು ತಾವೇ ತೊಳೆಯುತ್ತಿದ್ದರು. ತೊಳೆದು, ಆರು ಆರು ಚಿತ್ರಗಳ ಪಟ್ಟಿಯಾಗಿ ಕತ್ತರಿಸಿ, ಕಾಗದದಲ್ಲಿ ಸುತ್ತಿ, ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದರು. ಪ್ರಿಂಟ್ ಹಾಕಿಸಿದ್ದು ಬೆರಳೆಣಿಕೆಯಷ್ಟು. "ಆಮೇಲೆ ಹಾಕಿಸಿದರಾಯ್ತು" ಅನ್ನುವುದು ಅವರ ಮಾತು. ಆ ಆಮೇಲೆ ಬರಲೇ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಸೂರತ್‌ನ ಬಾಡಿಗೆ ಮನೆ ಖಾಲಿ ಮಾಡಿ ಅಮ್ಮನನ್ನು ಅಹಮದಾಬಾದಿನ ನನ್ನ ಫ್ಲ್ಯಾಟಿಗೆ ಕರೆತಂದೆ. ಎರಡು ಪೆಟ್ಟಿಗೆ, ಒಂದು ದೇವರ ಮಂಟಪ, ಒಂದು ಬಿಸ್ಕತ್ತಿನ ಡಬ್ಬಿ ಅವಳ ಜೊತೆ ಬಂದವು.

ಡಬ್ಬಿಯಲ್ಲಿ ಅರವತ್ತೆಂಟು ಪಟ್ಟಿಗಳಿದ್ದವು. ಒಂದನ್ನೂ ಬಿಡದೆ ಸ್ಕ್ಯಾನ್ ಮಾಡುತ್ತೇನೆ ಎಂದು ನಿಶ್ಚಯಿಸಿದೆ. ನಾನು ಒಂದು ನಿಶ್ಚಯ ಮಾಡಿದರೆ ಮನೆಯವರು ಎಚ್ಚರದಿಂದ ಇರುವುದು ಒಳ್ಳೆಯದು. ನನ್ನ ಹಟ ಅಂಥದ್ದು. ಬಣ್ಣ ತಯಾರಿಸುವ ಕಂಪನಿಯೊಂದರ ಲ್ಯಾಬಿನಲ್ಲಿ ನನ್ನ ಕೆಲಸ. ಒಂದೇ ನೀಲಿಯನ್ನು ಇಪ್ಪತ್ತು ಸಲ ಬಟ್ಟೆಗೆ ಹತ್ತಿಸಿ, ತೊಳೆದು, ಮತ್ತೆ ಹತ್ತಿಸಿ ನೋಡುವುದು ನನಗೆ ಬೇಸರ ತರುವುದಿಲ್ಲ. ಹಾಗಾಗಿ ನೆಗೆಟಿವ್‌ಗಳ ಕೆಲಸ ನನಗೆಂದೇ ಇಟ್ಟದ್ದು ಎಂದುಕೊಂಡೆ.

ಸ್ಕ್ಯಾನರ್ ಸಿಕ್ಕಿದ್ದು ಮುಚ್ಚುತ್ತಿದ್ದ ಒಂದು ಸ್ಟುಡಿಯೊದಲ್ಲಿ. ಫಿಲ್ಮಿಗೆಂದೇ ಮಾಡಿದ ಯಂತ್ರ, ಕಾಗದ ಗೀಗದ ಉಸಾಬರಿ ಅದಕ್ಕಿಲ್ಲ. ಸ್ಟುಡಿಯೊದ ಮುದುಕ ಅದನ್ನು ನನ್ನ ಕೈಗೆ ಕೊಡುವಾಗ ಒಂದೇ ಮಾತು ಹೇಳಿದ್ದ: "ಬೆನ್, ಬ್ಲ್ಯಾಕ್ ಆಂಡ್ ವೈಟ್‌ಮಾ ಡಸ್ಟ್‌ವಾಳು ಬಟನ್ ನಾ ದಬಾವ್‌ಜೊ." ಕಪ್ಪು ಬಿಳುಪಿನ ಫಿಲ್ಮಿಗೆ ಧೂಳು ತೆಗೆಯುವ ಗುಂಡಿ ಒತ್ತಬೇಡ ಎಂದು. ತಲೆಯಾಡಿಸಿದೆ. ಯಂತ್ರ ನಡೆಯತೊಡಗಿದ ಮೇಲೆ ಮೊದಲು ಒತ್ತಿದ್ದೇ ಆ ಗುಂಡಿಯನ್ನು.

ಅದಕ್ಕೂ ಮುಂಚೆ ಒಂದು ತಿಂಗಳು ಯಂತ್ರ ಬಾಯಿಯನ್ನೇ ಬಿಡಲಿಲ್ಲ. ಅದರ ಕೇಬಲ್ ಹಳೆಯದು, ನನ್ನ ಲ್ಯಾಪ್‌ಟಾಪ್ ಹೊಸದು, ಇಬ್ಬರಿಗೂ ಮಾತು ಬಿಟ್ಟಿತ್ತು. ರಿಪೇರಿಯವನು "ಬಿಸಾಡಿ ಮೇಡಂ, ಮೊಬೈಲಿನಲ್ಲೇ ಫೋಟೊ ಹೊಡೆದುಕೊಳ್ಳಿ" ಎಂದ. ಬಿಸಾಡಿ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆಫೀಸಿನಲ್ಲಿ ಮೂಲೆಗೆ ಎಸೆದಿದ್ದ ಒಂದು ಹಳೆಯ ಲ್ಯಾಪ್‌ಟಾಪನ್ನು ಕೇಳಿ ತಂದೆ, ಅದಕ್ಕೆ ಬೇಕಾದ ಪ್ರೋಗ್ರಾಮು ಹುಡುಕಿದೆ, ಮೂರನೆಯ ಭಾನುವಾರವೂ ಸೋತೆ, ನಾಲ್ಕನೆಯ ಭಾನುವಾರ ಯಂತ್ರದ ಹಸಿರು ದೀಪ ಹತ್ತಿತು. ಒಳಗಿನಿಂದ ಕರಕರ ಎಂಬ ಸದ್ದು ಬಂದಾಗ ಅಮ್ಮನನ್ನು ಕೂಗಿ ಕರೆದೆ. ಅವಳು ಬಂದು, ಕಿವಿಗೊಟ್ಟು ಕೇಳಿ, "ಅಡಿಕೆ ಕತ್ತರಿಸಿದ ಹಾಗೆ ಉಂಟು" ಎಂದು ಹೋದಳು.

ಧೂಳಿನ ಗುಂಡಿಯ ಕತೆ ಇಷ್ಟು. ಈ ಯಂತ್ರ ಕಣ್ಣಿಗೆ ಕಾಣದ ಒಂದು ಕೆಂಪು ಬೆಳಕನ್ನು ಫಿಲ್ಮಿನ ಮೂಲಕ ಹಾಯಿಸಿ, ಆ ಬೆಳಕನ್ನು ತಡೆದದ್ದೆಲ್ಲ ಧೂಳು ಎಂದು ತಿಳಿದು ಅಳಿಸಿ ಹಾಕುತ್ತದೆ. ಬಣ್ಣದ ಫಿಲ್ಮಿನಲ್ಲಿ ಇದು ಸರಿಯಾದ ಲೆಕ್ಕ. ಆದರೆ ಕಪ್ಪು ಬಿಳುಪಿನ ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿಯದು. ಬೆಳ್ಳಿಯೂ ಆ ಬೆಳಕನ್ನು ತಡೆಯುತ್ತದೆ. ಯಂತ್ರ ಚಿತ್ರವನ್ನೇ ಕೊಳೆ ಎಂದುಕೊಂಡು ತಿಕ್ಕುತ್ತದೆ. ನನ್ನ ಮೊದಲ ಸ್ಕ್ಯಾನಿನಲ್ಲಿ ಕನ್ನಡಿಯ ಮುಂದೆ ಕ್ಯಾಮೆರಾ ಹಿಡಿದು ನಿಂತಿದ್ದ ಅಪ್ಪನ ಹುಬ್ಬೂ ಹಣೆಯೂ ಕಲಸಿ ಹೋಗಿದ್ದವು. ಹತ್ತಿಯಿಂದ ಒರೆಸಿದ ಹಾಗಿತ್ತು ಮುಖ. ನಿಜವಾಗಿ ಹೆದರಿದೆ. ಗುಂಡಿ ಆರಿಸಿ ಮತ್ತೆ ಸ್ಕ್ಯಾನ್ ಮಾಡಿದಾಗ ಅಪ್ಪ ಧೂಳಿನ ಚುಕ್ಕೆಗಳ ಸಮೇತ ವಾಪಸು ಬಂದರು. ಅಂದಿನಿಂದ ಧೂಳನ್ನು ಕೈಯಲ್ಲೇ ತೆಗೆಯತೊಡಗಿದೆ. ಮೊದಲು ರಬ್ಬರ್ ಪಂಪಿನಿಂದ ಗಾಳಿ ಊದಿ, ಉಳಿದದ್ದನ್ನು ಪರದೆಯ ಮೇಲೆ ಒಂದೊಂದೇ ಚುಕ್ಕೆ ಅಳಿಸಿ. ಒಂದು ಪಟ್ಟಿಗೆ ಒಂದು ಬೆಳಗ್ಗೆ ಬೇಕಾಗುತ್ತಿತ್ತು.

ಇನ್ನೊಂದು ತೊಂದರೆ ಎಡ ಬಲದ್ದು. ಫಿಲ್ಮಿಗೆ ಒಂದು ಹೊಳೆಯುವ ಮೈ, ಒಂದು ಮಂಕು ಮೈ. ಹೊಳೆಯುವುದು ಮೇಲಿರಬೇಕು. ಅದಲು ಬದಲಾದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಬರುತ್ತದೆ. ಅಪ್ಪ ಬಚ್ಚಲಿನಲ್ಲಿ ತೊಳೆದ ಫಿಲ್ಮುಗಳು ಇಷ್ಟು ವರ್ಷಗಳಲ್ಲಿ ಎರಡೂ ಕಡೆ ಮಂಕಾಗಿದ್ದವು, ಮೇಲಾಗಿ ಒಣಗಿದ ಬಾಳೆಯೆಲೆಯ ಹಾಗೆ ಸುರುಳಿ ಸುತ್ತಿಕೊಳ್ಳುತ್ತಿದ್ದವು. ಅಂಚಿನಲ್ಲಿ ಕಂಪನಿಯವರು ಅಚ್ಚು ಮಾಡಿದ ಸಣ್ಣ ಅಂಕಿಗಳಿರುತ್ತವೆ, ಅವು ನೇರ ಓದಿಸಿಕೊಂಡರೆ ಪಟ್ಟಿ ಸರಿಯಾಗಿದೆ ಎಂದರ್ಥ. ಆದರೆ ಪಟ್ಟಿಯನ್ನು ಚೌಕಟ್ಟಿಗೆ ಸಿಕ್ಕಿಸಿದ ಮೇಲೆ ಅಂಚು ಮುಚ್ಚಿ ಹೋಗುತ್ತದೆ. ಪ್ರತಿ ಸಲ ಮೊದಲೇ ದೀಪಕ್ಕೆ ಹಿಡಿದು ಅಂಕಿ ನೋಡುವ ತಾಳ್ಮೆ ಹಟಮಾರಿಗಳಿಗೆ ಇರಬೇಕಿತ್ತು, ನನಗೆ ಇರಲಿಲ್ಲ. ಹೇಗಾದರೂ ಹಾಕು, ತಪ್ಪಿದ್ದರೆ ಪರದೆಯ ಮೇಲೆ ತಿರುಗಿಸು, ಇದು ನಾನು ಕಂಡುಕೊಂಡ ಅಡ್ಡದಾರಿ. ತಪ್ಪಿದೆಯೋ ಇಲ್ಲವೋ ತಿಳಿಯಲು ಎರಡು ಗುರುತು ಇಟ್ಟುಕೊಂಡೆ. ಗಂಡಸರ ಅಂಗಿಯ ಜೇಬು ಎಡಕ್ಕಿರಬೇಕು, ಹೆಂಗಸರ ಸೆರಗು ಎಡ ಹೆಗಲ ಮೇಲಿರಬೇಕು. ಹೀಗೆ ಏಳು ಪಟ್ಟಿಗಳನ್ನು ತಿರುಗಿಸಿದ್ದೆ. ಏಳೂ ಸರಿಯಾಗಿದ್ದವು. ಅದರಿಂದ ಧೈರ್ಯ ಹೆಚ್ಚಿತು.

ಇಪ್ಪತ್ತೊಂದನೆಯ ಪಟ್ಟಿಯ ಕಾಗದದ ಮೇಲೆ ಅಪ್ಪನ ಅಕ್ಷರದಲ್ಲಿ "ಮೊದಲ ದಿನ" ಎಂದಿತ್ತು. ಹೋಟೆಲ್ ತೆರೆದ ದಿನ. ಐದು ಚಿತ್ರಗಳಲ್ಲಿ ಒಲೆ, ಹೊಗೆ, ಕೊಳಗ, ಬನಿಯನ್ ಹಾಕಿದ ದೊಡ್ಡಪ್ಪ. ಆರನೆಯದರಲ್ಲಿ ಹಿತ್ತಿಲ ಕಡೆಯ ಅಂಗಳ, ಒಂದು ರುಬ್ಬುವ ಕಲ್ಲು, ಅದರ ಮುಂದೆ ಕುಳಿತು ರುಬ್ಬುತ್ತಿರುವ ಒಬ್ಬಳು ಹೆಂಗಸು. ಬೆಳಕು ಸಾಲದೆ ನೆಗೆಟಿವ್ ತೆಳುವಾಗಿತ್ತು. ಅವಳು ತಲೆ ಬಗ್ಗಿಸಿದ್ದರಿಂದ ಮುಖವೆಲ್ಲ ಕಪ್ಪು. ಬೈತಲೆ, ಒಂದು ಕಿವಿ, ಬಳೆಯ ಕೈ ಇಷ್ಟೇ ಕಾಣುವುದು. ಹಿಂದೆ ಒಂದು ಮೂಟೆ, ಅರ್ಧ ತೆರೆದ ಒಂದು ಬಾಗಿಲು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಅದು ಬಲ ಹೆಗಲ ಮೇಲಿತ್ತು.

ಗುಜರಾತಿ ಹೆಂಗಸರು ಸೆರಗನ್ನು ಬೆನ್ನ ಕಡೆಯಿಂದ ತಂದು ಬಲ ಹೆಗಲ ಮೇಲಿಂದ ಮುಂದಕ್ಕೆ ಇಳಿಬಿಡುತ್ತಾರೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಹುಟ್ಟಿ ಬೆಳೆದದ್ದೇ ಅವರ ನಡುವೆ. ಆದರೆ ನಮ್ಮ ಮನೆಯ ಹೆಂಗಸರು ಹಾಗೆ ಉಟ್ಟದ್ದನ್ನು ಒಂದು ದಿನವೂ ಕಂಡಿರಲಿಲ್ಲ. ಅಮ್ಮ ಇಷ್ಟು ವರ್ಷ ಗುಜರಾತಿನಲ್ಲಿದ್ದೂ ಚಹಾಕ್ಕೆ ಶುಂಠಿ ಹಾಕುವುದನ್ನು ಬಿಟ್ಟು ಇನ್ನೇನನ್ನೂ ಬದಲಿಸಿಕೊಂಡವಳಲ್ಲ. ಆದ್ದರಿಂದ ಪಟ್ಟಿ ತಿರುವುಮುರುವಾಗಿದೆ ಎಂದುಕೊಂಡು ಆರೂ ಚಿತ್ರಗಳನ್ನು ತಿರುಗಿಸಿದೆ. ಸೆರಗು ಎಡ ಹೆಗಲಿಗೆ ಬಂತು. ಎಲ್ಲ ಸರಿಯಾಯಿತೆಂದು ಕುಟುಂಬದ ವಾಟ್ಸ್ಯಾಪ್ ಗುಂಪಿಗೆ ಹಾಕಿದೆ.

ಹತ್ತು ನಿಮಿಷಕ್ಕೆ ವಡೋದರಾದಿಂದ ಅಣ್ಣನ ಫೋನು ಬಂತು. ಅಣ್ಣ ಎಂದರೆ ದೊಡ್ಡಪ್ಪನ ಮಗ. ಉಧ್ನಾದ ಹೋಟೆಲನ್ನು ಮುಂದುವರಿಸಿದವನು ಅವನೇ. ಈಗ ವಡೋದರಾದ ಅಲ್ಕಾಪುರಿಯಲ್ಲಿ ಹೊಸದೊಂದನ್ನು, ಏರ್ ಕಂಡಿಷನ್ ಹಾಲಿನದ್ದು, ತೆರೆಯುವ ಸಿದ್ಧತೆಯಲ್ಲಿದ್ದ. ಐದನೆಯ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡವನು. ಅವನ ಹತ್ತಿರ ತಾಯಿಯ ಒಂದೇ ಒಂದು ಫೋಟೊ ಇದೆ, ಮದುವೆಯದ್ದು. ನಾನು ಫೋನೆತ್ತಿದ ಕೂಡಲೇ ಕೇಳಿದ. "ಅಮ್ಮ ಅಲ್ವಾ ಅದು? ಮೊದಲ ದಿನ ಕರೆಂಟ್ ಹೋಗಿ ಗ್ರೈಂಡರ್ ನಿಂತದ್ದು, ಅಮ್ಮ ಕೈಯಲ್ಲೇ ಅಷ್ಟೂ ಹಿಟ್ಟು ರುಬ್ಬಿದ್ದು. ಅಪ್ಪ ಹೇಳ್ತಾ ಇದ್ದದ್ದೇ ಅದು."

ಹೌದು, ದೊಡ್ಡಪ್ಪ ಬದುಕಿರುವವರೆಗೂ ಹೇಳುತ್ತಿದ್ದ ಕತೆ ಅದು. ದೊಡ್ಡಮ್ಮ ಒಬ್ಬಳೇ ಹಿಟ್ಟು ರುಬ್ಬಿ ಮೊದಲ ದಿನದ ಮಾನ ಉಳಿಸಿದಳು, ನಿಮ್ಮಮ್ಮ ಬಂದದ್ದು ಆಮೇಲೆ, ಎಂದು. ಅಣ್ಣ ಅದಕ್ಕೆ ತನ್ನ ಮಾತು ಸೇರಿಸುತ್ತಿದ್ದ: "ನನಗೂ ಹೋಟೆಲಿಗೂ ಒಂದೇ ಪ್ರಾಯ. ಹದಿನೈದು ದಿನಕ್ಕೆ ನಾನೇ ದೊಡ್ಡವ." ಈ ಎರಡು ಮಾತುಗಳನ್ನು ನಾವೆಲ್ಲ ನೂರು ಸಲ ಕೇಳಿದ್ದೆವು. ಒಟ್ಟಿಗೆ ಇಟ್ಟು ನೋಡಿದವರು ಒಬ್ಬರೂ ಇರಲಿಲ್ಲ.

ಆ ಚಿತ್ರವನ್ನು ಹೊಸ ಹಾಲಿನ ಗೋಡೆಯುದ್ದಕ್ಕೂ ಹಾಕುತ್ತೇನೆ, ಕೆಳಗೆ ತಾಯಿಯ ಹೆಸರು ಬರೆಸುತ್ತೇನೆ, ದೊಡ್ಡದಾಗಿ ಸ್ಕ್ಯಾನ್ ಮಾಡಿ ಕೊಡು ಎಂದ. ಖಂಡಿತ ಎಂದೆ. ನನಗೆ ಹೆಮ್ಮೆಯೇ ಆಗಿತ್ತು.

ಅಷ್ಟರಲ್ಲಿ ಅಮ್ಮ ಕಾಫಿ ತಂದು ನನ್ನ ಹಿಂದೆ ನಿಂತಿದ್ದಳು. ಪರದೆ ನೋಡಿ, ಲೋಟ ಕೆಳಗಿಟ್ಟು, "ಇದು ನಾನಲ್ವಾ?" ಎಂದಳು.

"ದೊಡ್ಡಮ್ಮ ಅಮ್ಮಾ. ಮೊದಲ ದಿನದ್ದು. ನೀನು ಆಗ ಬಂದೇ ಇರಲಿಲ್ಲ."

"ನಾನು ಇದ್ದೆ. ರುಬ್ಬಿದ್ದು ನಾನು. ಅಪ್ಪ ಫೋಟೊ ಹೊಡೆದದ್ದೂ ನೆನಪುಂಟು."

ಆ ವಾರ ಅವಳು ಎರಡು ಸಲ ಗ್ಯಾಸ್ ಆರಿಸಲು ಮರೆತಿದ್ದಳು, ಒಂದು ಸಲ ಬೀಗದ ಕೈಯನ್ನು ಫ್ರಿಜ್ಜಿನಲ್ಲಿಟ್ಟಿದ್ದಳು. ಅವಳ ಮಾತನ್ನು ತಿದ್ದುವುದು ನನಗೆ ಅಭ್ಯಾಸವಾಗಿ ಹೋಗಿತ್ತು. ಮೃದುವಾಗಿ ತಿದ್ದುತ್ತೇನೆ ಎಂದು ನನ್ನ ಬಗ್ಗೆಯೇ ಒಳ್ಳೆಯ ಅಭಿಪ್ರಾಯ ಬೇರೆ ಇತ್ತು. "ನಿನಗೆ ಬೇರೆ ದಿನದ್ದು ನೆನಪಾಗ್ತಾ ಉಂಟು. ಇದರ ಮೇಲೆ ಅಪ್ಪನೇ ಬರೆದಿದ್ದಾರೆ. ಮೆಷಿನ್ ಸುಳ್ಳು ಹೇಳ್ತದಾ?" ಎಂದೆ. ಅಪ್ಪನ ಹುಬ್ಬು ನುಂಗಿದ ಅದೇ ಮೆಷಿನ್ನನ್ನು ಸಾಕ್ಷಿಗೆ ಕರೆದಿದ್ದೆ, ನಾಚಿಕೆ ಇಲ್ಲದೆ.

ಅಮ್ಮ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳ ಕೈ ತನ್ನ ಬಲ ಹೆಗಲ ಮೇಲೆ ಹೋಯಿತು, ಅಲ್ಲಿ ಏನೋ ಇರಬೇಕಿತ್ತು ಎಂಬಂತೆ. ಆಮೇಲೆ, "ಹೌದು. ನನ್ನ ತಲೆಯಲ್ಲಿ ಇದ್ದದ್ದು ಬೇರೆ. ಇದು ಹಾಗಿಲ್ಲ. ನಾನಲ್ಲ ಕಾಣ್ತದೆ" ಎಂದು ಒಳಗೆ ಹೋದಳು.

ಮುಂದಿನ ಎರಡು ವಾರ ಅಮ್ಮ ಬದಲಾದಳು. ನಾನು ಅದನ್ನು ತಡವಾಗಿ ಗಮನಿಸಿದೆ. ಪ್ರತಿ ಮಾತಿನ ಕೊನೆಗೆ "ಹೌದಲ್ವಾ?" ಎಂದು ಸೇರಿಸತೊಡಗಿದಳು. ಮಾತ್ರೆ ನುಂಗಿದೆನೋ ಇಲ್ಲವೋ ಎಂದು ಆಫೀಸಿಗೆ ಫೋನು ಮಾಡಿ ಕೇಳುತ್ತಿದ್ದಳು, ಅದು ನನಗೆ ಹೇಗೆ ಗೊತ್ತಿರಬೇಕು. ಎದುರು ಫ್ಲ್ಯಾಟಿನ ಹೆಂಗಸಿಗೆ ಸಂಜೆ ಹೊತ್ತು ಉಧ್ನಾದ ಕತೆಗಳನ್ನು ಹಿಂದಿ, ಗುಜರಾತಿ, ಕೈಸನ್ನೆ ಎಲ್ಲ ಬೆರೆಸಿ ಹೇಳುತ್ತಿದ್ದವಳು ಅದನ್ನು ನಿಲ್ಲಿಸಿದಳು. ಆಕೆ ಬಂದು ಕೇಳಿದರೆ, "ಬೇಟಿ ಕೊ ಪೂಛೋ, ಮುಝೆ ಯಾದ್ ಬರಾಬರ್ ನಹೀಂ" ಅನ್ನುವಳು, ಮಗಳನ್ನು ಕೇಳಿ, ನನಗೆ ನೆನಪು ಸರಿಯಿಲ್ಲ ಎಂದು. ಒಂದು ದಿನ ಬಾಗಿಲ ಹಿಂದಿನಿಂದ ನಾನೇ ಅದನ್ನು ಕೇಳಿದೆ. ಆದರೂ ಕಾರಣ ನಾನೇ ಎಂದು ಹೊಳೆಯಲಿಲ್ಲ. ವಯಸ್ಸು ಎಂದುಕೊಂಡೆ, ಡಾಕ್ಟರನ್ನು ಕೇಳಬೇಕು ಎಂದುಕೊಂಡೆ.

ಅಣ್ಣನ ಗೋಡೆಗಾಗಿ ಆ ಚಿತ್ರವನ್ನು ದೊಡ್ಡದಾಗಿ ಸ್ಕ್ಯಾನ್ ಮಾಡಲು ಕುಳಿತದ್ದು ಉದ್ಘಾಟನೆಗೆ ಹತ್ತು ದಿನವಿರುವಾಗ, ಒಂದು ಭಾನುವಾರ ಬೆಳಗ್ಗೆ. ಅತಿ ಸೂಕ್ಷ್ಮದ ಸ್ಕ್ಯಾನಿಗೆ ಯಂತ್ರ ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಅಡಿಕೆ ಕತ್ತರಿಸುವ ಸದ್ದು ಮುಗಿದ ಮೇಲೆ ರೂಢಿಯಂತೆ ಚಿತ್ರವನ್ನು ತಿರುಗಿಸಿ, ಧೂಳು ತೆಗೆಯಲು ಮೂಲೆಯಿಂದ ಶುರು ಮಾಡಿದೆ. ಹೆಂಗಸಿನ ಹಿಂದಿನ ಮೂಟೆಯ ಹತ್ತಿರ ಬಂದಾಗ ಅದರ ಮೇಲೆ ಇದ್ದಿಲಿನಲ್ಲಿ ಯಾರೋ ಬರೆದ ಅಕ್ಷರಗಳು ಕಂಡವು. ಮೊದಲಿನ ಸಣ್ಣ ಸ್ಕ್ಯಾನಿನಲ್ಲಿ ಅದು ಬರೀ ಮಸಿಯ ಕಲೆಯಾಗಿತ್ತು. ಗುಜರಾತಿ ಅಕ್ಷರ, ಆದರೆ ಓದಲು ಬರಲಿಲ್ಲ. ಗುಜರಾತಿ ಶಾಲೆಯಲ್ಲಿ ಓದಿದವಳಿಗೆ ಗುಜರಾತಿ ಓದಲು ಬರಲಿಲ್ಲ ಎಂದರೆ ಏನರ್ಥ. ಮತ್ತೆ ನೋಡಿದೆ. ಅಕ್ಷರಗಳು ಉಲ್ಟಾ ಇದ್ದವು.

ಚಿತ್ರವನ್ನು ವಾಪಸು ತಿರುಗಿಸಿದೆ. "ಚೋಖಾ" ಎಂದಿತ್ತು. ಅಕ್ಕಿ. ಮೂಟೆಯಲ್ಲಿ ಅಕ್ಕಿಯಿತ್ತು, ಹೆಂಗಸಿನ ಸೆರಗು ಬಲ ಹೆಗಲ ಮೇಲಿತ್ತು.

ಚೌಕಟ್ಟಿನಿಂದ ಪಟ್ಟಿಯನ್ನು ಹೊರತೆಗೆದು, ಮೊದಲೇ ಮಾಡಬೇಕಿದ್ದ ಕೆಲಸವನ್ನು ಆಗ ಮಾಡಿದೆ. ಕಿಟಕಿಯ ಬೆಳಕಿಗೆ ಹಿಡಿದು ಅಂಚಿನ ಅಂಕಿ ನೋಡಿದೆ. ಅಂಕಿಗಳು ನೇರವಾಗಿದ್ದವು. ನಾನು ಪಟ್ಟಿಯನ್ನು ಸರಿಯಾಗಿಯೇ ಹಾಕಿದ್ದೆ. ಸರಿಯಿದ್ದುದನ್ನು ತಿರುಗಿಸಿ ತಪ್ಪು ಮಾಡಿದ್ದೆ. ಅಮ್ಮನ ಕೈ ತನ್ನ ಬಲ ಹೆಗಲಿಗೆ ಹೋದದ್ದು ಆಗ ನೆನಪಾಯಿತು.

ಅಮ್ಮ ಬೀನ್ಸಿನ ನಾರು ತೆಗೆಯುತ್ತಿದ್ದಳು. ಎದುರು ಕುಳಿತೆ. ಚಿತ್ರ ತೋರಿಸಬಾರದು, ಸುಳಿವೂ ಕೊಡಬಾರದು ಎಂದು ನಿರ್ಧರಿಸಿಕೊಂಡಿದ್ದೆ. "ಅಮ್ಮಾ, ಆ ದಿನ ನೀನು ಸೀರೆ ಹೇಗೆ ಉಟ್ಟಿದ್ದೆ?"

"ಯಾವ ದಿನ?"

"ರುಬ್ಬಿದ ದಿನ."

"ಅದು ನಾನಲ್ಲ ಅಂತ ಆಯ್ತಲ್ಲ."

"ನಿನ್ನ ತಲೆಯಲ್ಲಿ ಇದ್ದದ್ದು ಹೇಗಿತ್ತು, ಅದನ್ನು ಹೇಳು."

"ನನ್ನ ತಲೆಯನ್ನು ನಂಬಬೇಡ ನೀನು" ಎಂದು ಇನ್ನೂ ನಾಲ್ಕು ಬೀನ್ಸ್ ಮುರಿದಳು. ನಾನು ಏಳಲಿಲ್ಲ. ಕೊನೆಗೆ, ನನಗಲ್ಲ, ಬೀನ್ಸಿಗೆ ಹೇಳಿದಂತೆ ಹೇಳಿದಳು. "ಊರಿಂದ ಬರುವಾಗ ನನ್ನ ಟ್ರಂಕು ರೈಲಿನಲ್ಲಿ ಎಲ್ಲಿಯೋ ತಪ್ಪಿತ್ತು. ಉಟ್ಟ ಸೀರೆ ಒಂದೇ. ಅದನ್ನು ಒಗೆದು ಹಾಕಿದ್ದೆ. ಪಕ್ಕದ ಮನೆಯಲ್ಲಿ ಗುಜರಾತಿ ಅಜ್ಜಿ ಒಬ್ರು ಇದ್ರು, ಎಲ್ಲರೂ ‘ಬಾ’ ಅಂತ ಕರೆಯುವುದು, ಅವರು ತಮ್ಮ ಸೀರೆ ಕೊಟ್ಟು, ತಾವೇ ಉಡಿಸಿದ್ರು, ಅವರ ಕ್ರಮದಲ್ಲಿ. ಬಲಗಡೆಗೆ ಸೆರಗು. ನನಗೆ ನಾಚಿಕೆ. ನಿನ್ನ ಅಪ್ಪ ತಲೆ ಎತ್ತು ಅಂತ ಹೇಳಿದ್ರು, ನಾನು ಎತ್ತಲೇ ಇಲ್ಲ. ನಿನ್ನ ಫೋಟೊದಲ್ಲಿ ಸೆರಗು ಎಡಕ್ಕುಂಟು. ಹಾಗಾದ್ರೆ ಅದು ನಾನಲ್ಲ, ಅಷ್ಟೇ."

ನಾನು ಅಳುವವಳಲ್ಲ. ಆ ದಿನ ಅತ್ತೆ. "ಫೋಟೊ ತಿರುಗಿಸಿದ್ದು ನಾನು ಅಮ್ಮಾ. ತಪ್ಪು ನನ್ನದು" ಎಂದೆ. ಅವಳನ್ನು ಕೈ ಹಿಡಿದು ಯಂತ್ರದ ಹತ್ತಿರ ಕರೆದುಕೊಂಡು ಹೋದೆ. ಅವಳು ಸರಿಯಾದ ಚಿತ್ರವನ್ನು ನೋಡಿದಳು. ಕುರ್ಚಿ ಎಳೆದುಕೊಂಡು ಕುಳಿತಳು. "ಅಣ್ಣನಿಗೆ ಹೇಳಬೇಡ" ಎಂದಳು. "ತಾಯಿ ಇಲ್ಲದ ಮಗು. ಇದ್ದುಕೊಳ್ಳಲಿ. ನನಗೆ ಗೊತ್ತಾಯ್ತಲ್ಲ, ಸಾಕು."

"ಸಾಕಾಗುವುದಿಲ್ಲ" ಎಂದೆ. ಅವಳು ಎಷ್ಟು ಹೇಳಿದರೂ ಕೇಳಲಿಲ್ಲ. ಅವಳ ನೆನಪನ್ನು ಅವಳ ಬಾಯಿಂದಲೇ ಸುಳ್ಳೆನಿಸಿದವಳು ನಾನು. ಅದನ್ನು ಮನೆಯ ನಾಲ್ಕು ಗೋಡೆಯೊಳಗೆ ಸರಿಪಡಿಸಿ, ಹೊರಗೆ ಗೋಡೆಯುದ್ದ ಸುಳ್ಳನ್ನು ತೂಗುಹಾಕಲು ಬಿಡುವುದು ನನ್ನಿಂದ ಆಗದ ಮಾತು. ಅಣ್ಣನಿಗೆ ಫೋನಿನಲ್ಲಿ ಹೇಳುವ ವಿಷಯವೂ ಇದಲ್ಲ. ಮುಂದಿನ ಶನಿವಾರ ಬೆಳಗಿನ ರೈಲಿಗೆ ಅಮ್ಮನನ್ನು ಹೊರಡಿಸಿದೆ. ಚೀಲದಲ್ಲಿ ನೆಗೆಟಿವ್ ಪಟ್ಟಿ, ಒಂದು ಭೂತಗನ್ನಡಿ, ಚಿತ್ರ ಬಿಡಿಸುವವರು ಬಳಸುವ ತೆಳುವಾದ ಬೆಳಕಿನ ಹಲಗೆ. ಅಮ್ಮ ಕಿಟಕಿಯ ಪಕ್ಕ ಕುಳಿತು ವಡೋದರಾ ಬರುವ ತನಕ ಆ ಚೀಲವನ್ನು ಮಡಿಲಿನಿಂದ ಇಳಿಸಲಿಲ್ಲ.

ಅಲ್ಕಾಪುರಿಯ ಹಾಲಿನಲ್ಲಿ ಇನ್ನೂ ಪೇಂಟಿನ ವಾಸನೆ. ಗೋಡೆಯ ಮೇಲೆ ಚಿತ್ರಕ್ಕೆಂದು ಖಾಲಿ ಬಿಟ್ಟ ಜಾಗ, ಅದರ ಮೇಲೆ ದೀಪಗಳನ್ನು ಆಗಲೇ ಕೂರಿಸಿದ್ದರು. ಅಣ್ಣ ಅಮ್ಮನ ಕಾಲಿಗೆ ನಮಸ್ಕಾರ ಮಾಡಿ, ಫಿಲ್ಟರ್ ಕಾಫಿ ತರಿಸಿದ. ನಾನು ಸುತ್ತಿ ಬಳಸಿ ಮಾತಾಡಲಿಲ್ಲ. ಬೆಳಕಿನ ಹಲಗೆಯನ್ನು ಮೇಜಿನ ಮೇಲಿಟ್ಟು, ಪಟ್ಟಿಯನ್ನು ಅದರ ಮೇಲೆ ಹಾಸಿ, ಭೂತಗನ್ನಡಿ ಅವನ ಕೈಗೆ ಕೊಟ್ಟು, ನಾನು ಮಾಡಿದ ತಪ್ಪನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅಂಚಿನ ಅಂಕಿ ತೋರಿಸಿದೆ, ಮೂಟೆಯ ಅಕ್ಷರ ತೋರಿಸಿದೆ. ಅಣ್ಣ ನೋಡಿದ. ಅವನ ಮುಖ ಗಟ್ಟಿಯಾಯಿತು.

"ಬರಾಬರ್. ಸೆರಗು ಬಲಕ್ಕುಂಟು, ಒಪ್ಪಿದೆ. ಆದ್ರೆ ಅದರಿಂದ ನನ್ನಮ್ಮ ಅಲ್ಲ ಅಂತ ಹೇಗೆ ಆಗ್ತದೆ? ಅಮ್ಮನೂ ಹಾಗೆ ಉಟ್ಟಿರಬಹುದು. ಮುಖ ಕಾಣುವುದಿಲ್ಲ. ಅಪ್ಪ ಇಷ್ಟು ವರ್ಷ ಹೇಳಿದ್ದು ಸುಳ್ಳಾ?"

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಯಂತ್ರವಾಗಲಿ ಪಟ್ಟಿಯಾಗಲಿ ಹೇಳಬಲ್ಲದ್ದು ಎಡ ಬಲ ಅಷ್ಟೇ, ಕುಳಿತವಳು ಯಾರೆಂದು ಹೇಳಲಾರವು. ಅದನ್ನು ಹೇಳಬಲ್ಲವಳು ಒಬ್ಬಳೇ ಉಳಿದಿದ್ದಳು, ಅವಳು ಕಾಫಿಯ ಲೋಟದ ಅಂಚನ್ನು ಸೆರಗಿನಿಂದ ಒರೆಸುತ್ತಿದ್ದಳು. ಅವಳು ನನ್ನ ಕಡೆ ನೋಡಿದಳು, ಮೂರು ವಾರದಿಂದ ನೋಡುತ್ತಿದ್ದ ಅದೇ ರೀತಿಯಲ್ಲಿ, ಹೌದಲ್ವಾ ಎಂದು ಕೇಳುವ ಹಾಗೆ. ನಾನು ಬೇಕೆಂದೇ ಮುಖ ತಿರುಗಿಸಿದೆ. ಅದು ನನಗೆ ಕಷ್ಟವಾಯಿತು.

"ನಿನ್ನ ಅಪ್ಪ ಸುಳ್ಳು ಹೇಳಿದ್ದಲ್ಲ ಮಗಾ" ಎಂದು ಅಮ್ಮ ಶುರು ಮಾಡಿದಳು. "ಅವರು ಬೆಳಿಗ್ಗೆಯಿಂದ ಮುಂದಿನ ಕಡೆ ಇದ್ರು. ಹಿಂದೆ ಯಾರು ರುಬ್ಬಿದ್ದು ಅಂತ ನೋಡ್ಲಿಕ್ಕೆ ಪುರುಸೊತ್ತು ಎಲ್ಲಿ? ಹಿಟ್ಟು ಬಂತು, ಅವರು ನೀರುದೋಸೆ ಹೊಯ್ದ್ರು. ನಿನ್ನ ಅಮ್ಮ ತೀರಿಹೋದ ಮೇಲೆ ಅವಳ ಹೆಸರೇ ಬಾಯಿಗೆ ಬಂತು. ನಾನೂ ಬೇಡ ಅನ್ನಲಿಲ್ಲ." ಲೋಟ ಕೆಳಗಿಟ್ಟಳು. "ನೀನು ಹೋಟೆಲಿಗಿಂತ ಎಷ್ಟು ದಿನಕ್ಕೆ ದೊಡ್ಡವ?"

"ಹದಿನೈದು."

"ಹದಿನೈದು ದಿನದ ಬಾಣಂತಿ ರುಬ್ಬುವ ಕಲ್ಲಿನ ಮುಂದೆ ಕೂರ್ತಾಳಾ?"

ಅಣ್ಣ ಭೂತಗನ್ನಡಿಯನ್ನು ಕೆಳಗಿಟ್ಟ. ಅವನಿಗೆ ಇಬ್ಬರು ಮಕ್ಕಳು, ಅವನ ಹೆಂಡತಿಯ ಎರಡೂ ಬಾಣಂತನ ಮಾಡಿದವಳು ನನ್ನಮ್ಮ. ನಲವತ್ತು ದಿನ ತಣ್ಣೀರು ಮುಟ್ಟಲು ಬಿಟ್ಟವಳಲ್ಲ, ತುಂಬಿದ ಚೊಂಬು ಎತ್ತಲು ಬಿಟ್ಟವಳಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ನಾನು ಅಂಕಿ, ಅಕ್ಷರ, ಅಂಚು ಎಂದು ಭೂತಗನ್ನಡಿ ಹಿಡಿದು ಹುಡುಕಿದ್ದೆ. ಅಮ್ಮನಿಗೆ ಅದೊಂದೂ ಬೇಕಾಗಿರಲಿಲ್ಲ.

"ನನ್ನನ್ನು ಊರಿಂದ ಕರೆಸಿದ್ದೇ ಅವಳ ಬಾಣಂತನಕ್ಕೆ" ಎಂದಳು ಅಮ್ಮ. ದನಿ ಈಗ ಗಟ್ಟಿಯಾಗಿತ್ತು, ಕೊನೆಗೆ ಯಾವ ಪ್ರಶ್ನೆಯೂ ಇರಲಿಲ್ಲ. "ನಿನ್ನ ಹೆಸರಿಟ್ಟು ಮೂರು ದಿನ ಆಗಿತ್ತು ಅಷ್ಟೇ. ಕರೆಂಟು ಹೋಯ್ತು. ಅವಳು ಎದ್ದು ಬಂದಳು, ನಾನು ರುಬ್ತೇನೆ ಅಂತ. ನಾನು ಬೈದು ಒಳಗೆ ಕಳಿಸಿದ್ದು. ನನಗಿಂತ ದೊಡ್ಡವಳಿಗೆ ನಾನು ಬೈದದ್ದು ಅದೊಂದೇ ಸಲ."

ಅಣ್ಣ ಮತ್ತೆ ಪಟ್ಟಿಯ ಮೇಲೆ ಬಗ್ಗಿದ. "ಹಾಗಾದ್ರೆ ನನ್ನಮ್ಮ ಎಲ್ಲಿ ಚಿಕ್ಕಮ್ಮ?" ಎಂದು ಕೇಳಿದ. ಐವತ್ತರ ಹತ್ತಿರ ಬಂದ ಗಂಡಸು, ಆ ಪ್ರಶ್ನೆ ಕೇಳುವಾಗ ಐದು ವರ್ಷದವನೇ ಆಗಿದ್ದ.

ಅಮ್ಮ ಬೆರಳಿನಿಂದ ಚಿತ್ರದ ಮೂಲೆ ತೋರಿಸಿದಳು. ರುಬ್ಬುವ ಕಲ್ಲಿನ ಹಿಂದೆ, ಮೂಟೆಯ ಪಕ್ಕ, ಅರ್ಧ ತೆರೆದ ಬಾಗಿಲು. "ಅದರ ಒಳಗೆ. ಹಾಲು ಕೊಡ್ತಾ ಇದ್ದಳು. ನೀನು ಅಳ್ತಾ ಇದ್ದೆ, ಬಾಗಿಲು ಹಾಕಿದ್ರೆ ಸೆಖೆ ಅಂತ ಅರ್ಧ ತೆರೆದಿಟ್ಟದ್ದು. ನಾನು ರುಬ್ಬುವುದು ನಿಲ್ಲಿಸಿದ್ರೆ ನಿನ್ನ ಅಳು ಜೋರಾಗ್ತಿತ್ತು. ಕಲ್ಲಿನ ಸದ್ದಿಗೆ ಸುಮ್ಮನಾಗ್ತಿದ್ದೆ ನೀನು. ಹಾಗಾಗಿ ನಾನು ಹಿಟ್ಟು ಮುಗಿದ ಮೇಲೂ ಸ್ವಲ್ಪ ಹೊತ್ತು ಬರೀ ಕಲ್ಲು ತಿರುಗಿಸಿದ್ದು."

ಅಣ್ಣ ಭೂತಗನ್ನಡಿಯನ್ನು ಬಾಗಿಲಿನ ಮೇಲಿಟ್ಟು ನೋಡುತ್ತಲೇ ಇದ್ದ. ಅಲ್ಲಿ ಏನೂ ಇಲ್ಲ ಎಂದು ನನಗೆ ಗೊತ್ತು, ನಾನು ಆ ಜಾಗವನ್ನು ಚುಕ್ಕೆ ಚುಕ್ಕೆಯಾಗಿ ತೊಳೆದವಳು. ಆದರೂ ಅವನಿಗೆ ಹಾಗೆ ಹೇಳಲಿಲ್ಲ. ಆಮೇಲೆ ಅವನು ಎದ್ದು ಪ್ಯಾನೆಲ್ ಮಾಡುವವನಿಗೆ ಫೋನು ಮಾಡಿ, ಹೊಸ ಫೈಲ್ ಬರುತ್ತದೆ, ಹಳೆಯದನ್ನು ಹಾಕಬೇಡ, ಕೆಳಗೆ ಎರಡು ಹೆಸರು ಬರೆಯಬೇಕು ಎಂದು ಹಿಂದಿಯಲ್ಲಿ ಹೇಳಿದ. ಬಾಗಿಲಿನ ಭಾಗ ಕತ್ತರಿಸಬಾರದು ಎಂದು ಎರಡು ಸಲ ಹೇಳಿದ.

ಸಂಜೆಯ ರೈಲಿನಲ್ಲಿ ನನಗೂ ಅಮ್ಮನಿಗೂ ಎದುರು ಬದುರು ಸೀಟು ಸಿಕ್ಕಿತು. ಆಣಂದ್ ದಾಟಿದ ಮೇಲೆ ಅವಳು ಅಣ್ಣ ಕಟ್ಟಿಸಿ ಕೊಟ್ಟ ಬನ್ಸಿನ ಪೊಟ್ಟಣ ಬಿಚ್ಚಿ ನನಗೊಂದು ಕೊಟ್ಟಳು.

"ನೀನು ನನ್ನನ್ನು ನಂಬಲಿಲ್ಲ" ಎಂದಳು.

"ಇಲ್ಲ. ನಂಬಲಿಲ್ಲ."

"ಅದು ಹೋಗ್ಲಿ. ನಾನೂ ನನ್ನನ್ನು ನಂಬಲಿಲ್ಲ. ನನಗೆ ಅದೇ ಬೇಜಾರು."

ನಾನು ಬನ್ಸ್ ಕೈಯಲ್ಲಿ ಹಿಡಿದು ಕುಳಿತೆ. ಅಮ್ಮ ತನ್ನದನ್ನು ತಿಂದು ಮುಗಿಸಿ, ಬೆರಳು ಒರೆಸಿಕೊಂಡು, ಡಬ್ಬಿಯಲ್ಲಿ ಇನ್ನು ಎಷ್ಟು ಪಟ್ಟಿ ಉಳಿದಿದೆ ಎಂದು ಕೇಳಿದಳು. ನಲವತ್ತೇಳು ಎಂದೆ.

"ನಾಳೆ ಬೆಳಿಗ್ಗೆ ನಾನೂ ಕೂರ್ತೇನೆ" ಎಂದಳು. "ನೀನು ತಿರುಗಿಸುವ ಮೊದಲು ನನ್ನನ್ನು ಕೇಳು."